ತುತ್ತಿಲ್ಲದ ಕೌದಿ

ಸಣ್ಣ ವ್ಯಾಪಾರದವರು ಮೊಬೈಲಿನಲ್ಲಿ ಪ್ರಚಾರ ಮಾಡುವುದು ಹೇಗೆ ಎಂದು ಹೇಳಿಕೊಡಲು ಈಗೀಗ ಕಾಲೇಜಿನವರು ನನ್ನನ್ನು ಕರೆಯುತ್ತಾರೆ. ಹೋದ ವಾರ ಧಾರವಾಡದ ಒಂದು ಕಾಲೇಜಿಗೆ ಹೋಗಿದ್ದೆ. ಮಾತು ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಮೊದಲನೇ ವರ್ಷ ಯಾರೂ ತಿರುಗಿ ನೋಡದಿದ್ದರೂ ದಿನಾ ಒಂದು ಕೌದಿಯ ಫೋಟೊ ಹಾಕಿದಿರಲ್ಲ, ಅಷ್ಟು ತಾಳ್ಮೆ ಎಲ್ಲಿಂದ ಬಂತು ಎಂದು ಕೇಳಿದಳು. ನಾನು ಕೆಲಸದ ಮೇಲಿನ ಪ್ರೀತಿ ಎಂದೆ. ಅತ್ತೆಯ ಕೈಗುಣದ ಮೇಲಿನ ನಂಬಿಕೆ ಎಂದೆ. ಹುಡುಗಿ ಎರಡನ್ನೂ ಬರೆದುಕೊಂಡಳು.

ಉಣಕಲ್ಲಿನ ಮನೆಗೆ ಮರಳುವ ಬಸ್ಸಿನಲ್ಲಿ ಅವಳ ನೋಟ್‌ಬುಕ್ಕೇ ಕಣ್ಣ ಮುಂದೆ ಬರುತ್ತಿತ್ತು. ಅದರಲ್ಲಿ ನನ್ನ ಹೆಸರಿನ ಕೆಳಗೆ ಒಂದು ಸುಳ್ಳು ಉಳಿದುಬಿಟ್ಟಿದೆ. ನನಗಿದ್ದದ್ದು ತಾಳ್ಮೆಯಲ್ಲ, ಸೇಡು. ಒಬ್ಬ ಮನುಷ್ಯ ನಮ್ಮ ಅತ್ತೆಯನ್ನು ಆರು ಜನರ ಮುಂದೆ ನಗೆಪಾಟಲು ಮಾಡಿದ್ದ. ಅವನೇ ಒಂದು ದಿನ ನಮ್ಮ ಬಾಗಿಲಿಗೆ ಬಂದು ಕೇಳಿಕೊಳ್ಳಬೇಕು ಎಂಬ ಒಂದೇ ಹಟಕ್ಕೆ ನಾನು ಇಷ್ಟು ವರ್ಷ ಒಂದು ದಿನವೂ ತಪ್ಪಿಸದೆ ಫೋಟೊ ಹಾಕಿದೆ.

ಇದನ್ನು ಬರೆಯುವಾಗ ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ ಎಂದು ಮೊದಲೇ ಹೇಳಿಬಿಡಬೇಕು. ಎಂ.ಎ.ಯಲ್ಲಿ ಸಮಾಜಶಾಸ್ತ್ರ ಓದುವಾಗ ಹಳ್ಳಿಗೆ ಹೋಗಿ ಒಂದೇ ಮನೆಯ ನಾಲ್ವರಿಗೆ ಒಂದೇ ಪ್ರಶ್ನೆ ಕೇಳಿ, ನಾಲ್ಕು ಬೇರೆ ಉತ್ತರ ಬರೆದುಕೊಂಡು ಬಂದವಳು ನಾನು. ಆಗಿನಿಂದ ಡೈರಿ ಬರೆಯುತ್ತೇನೆ. ಆದರೆ ಸಿಟ್ಟು ಬಂದ ದಿನ ತೀರ ಚಿಕ್ಕದಾಗಿ ಬರೆಯುವುದು ನನ್ನ ಚಾಳಿ. ಹಾಗಾಗಿ ಯಾವ ದಿನ ಬೇಕೋ ಅದೇ ದಿನ ಅದರಲ್ಲಿ ಸಿಗುವುದಿಲ್ಲ.

ಎಂ.ಎ. ಮುಗಿದ ಮೇಲೆ ನನಗೆ ಸಿಕ್ಕ ಕೆಲಸ ಹುಬ್ಬಳ್ಳಿಯ ವಿದ್ಯಾನಗರದಲ್ಲಿ, ಔಷಧಿ ಅಂಗಡಿಯ ಮೇಲಿನ ಮಹಡಿಯ ಒಂದು ಆಫೀಸಿನಲ್ಲಿ. ಮಿಠಾಯಿ ಅಂಗಡಿ, ಹಲ್ಲಿನ ದವಾಖಾನೆ, ಕೋಚಿಂಗ್ ಕ್ಲಾಸು ಇಂಥವರ ಪರವಾಗಿ ಪೇಜ್ ನಡೆಸುವುದು ಅಲ್ಲಿನ ಕೆಲಸ. ನಾವು ಆರು ಜನ ಇದ್ದೆವು. ಮಾಲೀಕರಿಗೆ ನಲವತ್ತರ ಆಸುಪಾಸು. ಎಲ್ಲರೂ ಸರ್ ಎನ್ನುತ್ತಿದ್ದೆವು. ಮಾತುಗಾರರು, ನಗಿಸುವವರು. ಗಿರಾಕಿಗಳು ಅವರ ಮಾತಿಗೇ ಅರ್ಧ ಒಪ್ಪಿಬಿಡುತ್ತಿದ್ದರು. ನಮ್ಮ ಅತ್ತೆಯ ಕೌದಿಯ ಫೋಟೊ ನೋಡಿ ಅವರೇ, ಮೂರು ತಿಂಗಳು ಇದನ್ನು ಆಫೀಸಿನಿಂದಲೇ ಮಾಡೋಣ, ಏನೂ ಕೊಡುವುದು ಬೇಡ ಎಂದರು. ನಮ್ಮ ಕಡೆಯದೇ ಒಂದು ಕೆಲಸ ತೋರಿಸಲು ಅವರಿಗೂ ಬೇಕಿತ್ತು.

ಅತ್ತೆ ನನ್ನ ಅಪ್ಪನ ಅಕ್ಕ. ಸುಳ್ಳ ಎಂಬ ಹಳ್ಳಿಯ ಮನೆಯಲ್ಲಿದ್ದವರು, ಮಾವ ಹೋದ ಮೇಲೆ ಉಣಕಲ್ಲಿಗೆ ನಮ್ಮ ಜೊತೆ ಬಂದರು. ಬರುವಾಗ ಎರಡು ಟ್ರಂಕು ಹಳೆಯ ಸೀರೆ ತಂದರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡು ಕೂಡಿಸಿ, ಸಾಲು ಹಿಡಿದು ಕೈಯಲ್ಲೇ ಹೊಲಿಯುತ್ತಾರೆ. ಒಂದು ಕೌದಿಗೆ ಒಂದು ತಿಂಗಳು. ಅಂಚಿನಿಂದ ಶುರುವಾದ ಹೊಲಿಗೆ ಸುತ್ತುತ್ತ ಸುತ್ತುತ್ತ ನಡುವಿಗೆ ಬಂದಾಗ ಅಂಗೈ ಅಗಲ ಜಾಗ ಬಿಡುತ್ತಾರೆ. ಅದು ಕೌದಿಯ ಹೊಟ್ಟೆ. ಆ ದಿನ ಮನೆಯಲ್ಲಿ ಹೋಳಿಗೆ. ಎರಡು ದಿನ ಮೊದಲೇ ಅತ್ತೆ ಒಂದು ಚಿಕ್ಕ ಹೋಳಿಗೆ ಬೇಯಿಸಿ, ಇರುವೆ ಹತ್ತದ ಹಾಗೆ ಬಿಸಿಲಲ್ಲಿ ಗರಿಗರಿ ಒಣಗಿಸಿ ಇಟ್ಟಿರುತ್ತಾರೆ. ಅದರ ಉಗುರಿನಷ್ಟು ಚೂರನ್ನು ಹೊಟ್ಟೆಯೊಳಗೆ ಇಟ್ಟು ಬಾಯಿ ಹೊಲಿಯುತ್ತಾರೆ. ಅದಕ್ಕೆ ತುತ್ತು ಎನ್ನುತ್ತಾರೆ. ಹಸಿದ ಕೌದಿ ಹೊದ್ದವರ ನಿದ್ದೆ ತಿನ್ನುತ್ತದೆ ಎಂದು ಅತ್ತೆಯ ನಂಬಿಕೆ. ನನಗೆ ಅಂಥ ನಂಬಿಕೆಗಳಿಲ್ಲ. ಆದರೂ ತುತ್ತಿಲ್ಲದೆ ಮನೆಯಿಂದ ಒಂದು ಕೌದಿಯೂ ಹೊರಗೆ ಹೋಗಿರಲಿಲ್ಲ.

ಆಫೀಸಿನ ಮೂರು ತಿಂಗಳಲ್ಲಿ ಮೊದಲ ಪೆಟ್ಟು ಬಿದ್ದದ್ದು ಒಂದು ಅಮಾವಾಸ್ಯೆಯ ದಿನ. ಅಮಾವಾಸ್ಯೆಗೆ ಅತ್ತೆ ಸೂಜಿ ಮುಟ್ಟುವುದಿಲ್ಲ; ಅವರ ಕಡೆ ಕೌದಿ ಹೊಲಿಯುವ ಯಾರೂ ಮುಟ್ಟುವುದಿಲ್ಲ. ಆ ದಿನ ಬೆಳಿಗ್ಗೆ ಪೇಜಿನಲ್ಲಿ ಅತ್ತೆ ಸೂಜಿ ಆಡಿಸುವ ವಿಡಿಯೊ ಬಂತು, ಕೆಳಗೆ ‘ಇಂದೂ ಹೊಲಿಗೆ ನಡೆದಿದೆ’ ಎಂಬ ಸಾಲು. ಸುಳ್ಳದ ಒಬ್ಬ ಹೆಂಗಸು, ಮೊಮ್ಮಗುವಿನ ಕೌದಿಗೆ ಸೀರೆ ಕೊಟ್ಟವಳು, ಮರುದಿನವೇ ಬಂದು ಗಂಟು ವಾಪಸ್ ಕೇಳಿದಳು. ಕೂಸಿನ ಕೌದಿಗೆ ಅಮಾವಾಸ್ಯೆಯ ಸೂಜಿ ತಾಗಿಸಿದಿರಲ್ಲ ಎಂದಳು. ಅತ್ತೆ ತಾವು ಮುಟ್ಟಿಲ್ಲ ಎಂದು ಎಷ್ಟು ಹೇಳಿದರೂ ಅವಳು ಮೊಬೈಲು ತೋರಿಸಿದಳು. ನಲವತ್ತು ವರ್ಷ ಒಂದು ಅಮಾವಾಸ್ಯೆಯನ್ನೂ ಮುರಿಯದವರು ಸುಳ್ಳು ಹೇಳುವವರಾಗಿಬಿಟ್ಟರು.

ಆಫೀಸಿನವರು ಹೀಗೆ ಮಾಡಿದರು ಎಂದು ಮನೆಯಲ್ಲಿ ಹೇಳಿದೆ. ಬಹಳ ವರ್ಷ ಹಾಗೇ ಹೇಳುತ್ತ ಬಂದೆ. ಆದರೆ ಒಂದು ತಿಂಗಳ ಮೂವತ್ತು ಪೋಸ್ಟುಗಳನ್ನು ಒಂದೇ ಮಧ್ಯಾಹ್ನ ಕುಳಿತು, ದಿನಾಂಕ ಹಾಕಿ, ತಾವಾಗಿಯೇ ಹೊರಬೀಳುವಂತೆ ಇಟ್ಟವಳು ನಾನೇ. ಪಂಚಾಂಗ ನೋಡಲಿಲ್ಲ. ಸರ್‌ಗೆ ಆ ಪದ್ಧತಿ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಮೂರನೇ ತಿಂಗಳ ಕೊನೆಗೆ ಸರ್ ಅತ್ತೆಯನ್ನು ಒಂದು ವಿಡಿಯೊ ತೆಗೆಯಲು ಆಫೀಸಿಗೆ ಕರೆಸಿದರು. ಮಳೆ ಬರುತ್ತಿತ್ತು. ಅತ್ತೆ ಇಳಕಲ್ ಸೀರೆ ಉಟ್ಟು, ಒದ್ದೆಯಾದ ಸೆರಗು ಹಿಂಡಿಕೊಂಡು, ಒಂದು ಕೌದಿಯನ್ನು ಮಡಿಲಲ್ಲಿಟ್ಟು ಕುರ್ಚಿಯ ತುದಿಗೆ ಕುಳಿತರು. ಅಂದು ತಿಂಗಳ ಮೀಟಿಂಗೂ ಇತ್ತು. ಗೋಡೆಯ ಟಿ.ವಿ.ಯಲ್ಲಿ ಒಂದೊಂದೇ ಪೇಜಿಗೆ ಎಷ್ಟು ಜನ ಬಂದರೆಂಬ ಗೆರೆ ಬರುತ್ತ ಹೋಯಿತು. ಮಿಠಾಯಿ ಅಂಗಡಿಯ ಗೆರೆ ಏರಿತ್ತು. ದವಾಖಾನೆಯದು ಏರಿತ್ತು. ಕೌದಿಯದು ಮೊದಲ ವಾರ ಸ್ವಲ್ಪ ಎದ್ದು, ಆಮೇಲೆ ನೆಲ ಹಿಡಿದಿತ್ತು. ಸರ್ ಅತ್ತೆಯ ಕಡೆ ತಿರುಗಿದರು.

"ಅಜ್ಜಿ, ನಿಮ್ಮ ಕೌದಿ ಭಾಳ ಛಲೋ ಅದಾವ್ರಿ. ನೋಡಿದವ್ರು ಅಲ್ಲೇ ಮಲಗಿಬಿಡ್ತಾರ. ಲೈಕ್ ಒತ್ತಾಕ ಒಬ್ರೂ ಎಚ್ಚರ ಇರಂಗಿಲ್ಲ."

ಕೋಣೆಯೆಲ್ಲ ನಕ್ಕಿತು. ಏನು ಎಂದು ತಿಳಿಯದ ಅತ್ತೆಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನನ್ನು ಸುಟ್ಟದ್ದು ಅತ್ತೆಯ ಆ ನಗು. ಮರಳುವಾಗ ಬಸ್ಸಿನಲ್ಲಿ ಒಂದು ಮಾತು ಕೇಳಿದರು: "ಕೆಳಗ ಮಲಗಿತ್ತಲ್ಲ ಒಂದು ಗೆರಿ, ಅದು ನಂದೇನು ತಂಗಿ?"

ನಾನು ಟಿಕೆಟಿನ ಚಿಲ್ಲರೆ ಎಣಿಸತೊಡಗಿದೆ.

ಆ ದಿನದ ಡೈರಿ ಈಗ ನನ್ನ ಮುಂದಿದೆ. ‘ಮೀಟಿಂಗ್. ಅತ್ತೆ ಬಂದಿದ್ದರು. ಮಳೆ. ಛತ್ರಿ ಆಫೀಸಿನಲ್ಲೇ ಮರೆತೆ.’ ಇಷ್ಟೇ. ಸರ್ ಆಡಿದ ಮಾತು ಅದರಲ್ಲಿಲ್ಲ. ನಾನು ಅದನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುವಿ ಹಾಕಿದ್ದೇನೆಂದರೆ, ಮೂಲದಲ್ಲಿ ಅದು ಇಷ್ಟು ಚೊಕ್ಕವಾಗಿತ್ತೋ ಇಲ್ಲವೋ ಹೇಳಲಾರೆ. ‘ಅಜ್ಜಿ’ ಎಂದದ್ದು ಮಾತ್ರ ನಿಜ, ಅದರ ಮೇಲೆ ಆಣೆ ಮಾಡಬಲ್ಲೆ. ಅತ್ತೆಗೆ ಆಗ ಐವತ್ತೆಂಟು.

ಮರುದಿನದಿಂದ ಕೆಲಸಕ್ಕೆ ಹೋಗಲಿಲ್ಲ. ಫೋನಿನಲ್ಲೇ ಬಿಟ್ಟೆ ಎಂದು ಹೇಳಿದೆ. ಛತ್ರಿ ತರಲೂ ಹೋಗಲಿಲ್ಲ.

ಆಫೀಸಿನ ಪೇಜು ಆಫೀಸಿನಲ್ಲೇ ಉಳಿಯಿತು. ನಾನು ಹೊಸದೊಂದು ಶುರು ಮಾಡಿದೆ, ಜೊತೆಗೆ ಅದೇ ಫೋಟೊವನ್ನು ನನ್ನ ಮೊಬೈಲಿನ ಸ್ಟೇಟಸ್ಸಿಗೂ ಹಾಕಿದೆ. ಪೇಜು ಜಗತ್ತಿಗೆ. ಸ್ಟೇಟಸ್ಸು ಸರ್‌ಗೆ. ಸ್ಟೇಟಸ್ಸಿನಲ್ಲಿ ಯಾರು ನೋಡಿದರು ಎಂದು ಹೆಸರು ಬರುತ್ತದೆ. ಬೆಳಿಗ್ಗೆ ಏಳಕ್ಕೆ ಅವರು ಮನೆಯಲ್ಲಿ ಚಹಾ ಕುಡಿಯುತ್ತ ಎಲ್ಲರ ಸ್ಟೇಟಸ್ಸು ನೋಡುತ್ತಾರೆಂದು ಆಫೀಸಿನವರಿಗೆಲ್ಲ ಗೊತ್ತಿತ್ತು. ನಾನು ಏಳೂ ಹತ್ತಕ್ಕೆ ಹಾಕಿದೆ. ಮೊದಲ ದಿನ ನೋಡಿದವರು ಹತ್ತೊಂಬತ್ತು. ನಾಲ್ಕನೆಯದು ಅವರ ಹೆಸರು.

ಮಾತಿಲ್ಲದೆ, ಕಣ್ಣು ತಪ್ಪಿಸಲು ಆಗದ ಹಾಗೆ, ದಿನಾ ಅವರ ಚಹಾದೊಳಗೆ ಒಂದು ಕೌದಿ ಹಾಕುವುದು ನನ್ನ ಯೋಜನೆ.

ಮೊದಲ ವರ್ಷ ಅದರಿಂದ ಏನೂ ಆಗಲಿಲ್ಲ. ಪೇಜಿನ ಕಡೆ ಬಂದವರು ನಮ್ಮ ಬಳಗದವರು, ಜೊತೆ ಓದಿದವರು, ಸಾಲ ಕೊಡುತ್ತೇವೆ ಎನ್ನುವ ಅಪರಿಚಿತರು. ಹಾಡು ಹಾಕಲಿಲ್ಲ. ಎಲ್ಲಿಂದಲೋ ತಂದ ಹಬ್ಬದ ಶುಭಾಶಯ ಹಾಕಲಿಲ್ಲ. ಬೆಳಿಗ್ಗೆ ಕಸ ಹೊಡೆದು, ಅಂಗಳಕ್ಕೆ ನೀರು ಹಾಕಿ, ಬಾಗಿಲ ಬೆಳಕಿಗೆ ಕೌದಿ ಎಳೆದು ಒಂದು ಫೋಟೊ: ಅತ್ತೆಯ ಹೆಬ್ಬೆರಳು, ಅರ್ಧ ಮುಗಿದ ಸಾಲು, ಒಂದು ತುಂಡು ಸೀರೆ ಮತ್ತು ಅದನ್ನು ಉಟ್ಟವರ ಒಂದು ಸಾಲು ಸುದ್ದಿ. ‘ಇದು ಮೂರು ಹೆಣ್ಣುಮಕ್ಕಳ ಬಾಣಂತನ ಕಂಡ ಸೀರೆ.’ ಅಮಾವಾಸ್ಯೆಯ ದಿನ ದಾರದ ಉಂಡೆಗೆ ಚುಚ್ಚಿಟ್ಟ ಸೂಜಿಯ ಫೋಟೊ, ಕೆಳಗೆ ‘ಇವತ್ತು ಮುಟ್ಟುವುದಿಲ್ಲ’. ಜ್ವರ ಬಂದಾಗ ಮಲಗಿದಲ್ಲಿಂದಲೇ ನನ್ನ ಮೈಮೇಲಿನ ಕೌದಿಯ ಫೋಟೊ ತೆಗೆದೆ. ತಮ್ಮನ ಮದುವೆಯ ಬೆಳಿಗ್ಗೆ ಕಲ್ಯಾಣ ಮಂಟಪದ ಕೋಣೆಯಲ್ಲಿ ಹಾಸಿದ್ದ ಕೌದಿಯ ಮೇಲೆ ಮಲಗಿದ್ದ ಕೂಸಿನ ಕಾಲಿನ ಫೋಟೊ ಹಾಕಿದೆ. ಏಳೂ ಹತ್ತು ದಾಟೀತೆಂದು ಅರ್ಧ ಜಡೆ ಹೆಣೆದುಕೊಂಡೇ ಓಡಿದ್ದೆ.

ಅತ್ತೆಗೆ ಇದು ಹುಚ್ಚು ಎನಿಸಿತು. ನಿನ್ನೆ ಇದ್ದದ್ದೇ ಇವತ್ತೂ ಇದೆ, ದಿನಾ ಅದನ್ನೇನು ತೋರಿಸುತ್ತೀ ಎಂದು ಕೇಳುತ್ತಿದ್ದರು. ನಿನ್ನೆಗಿಂತ ಎರಡು ಸಾಲು ಮುಂದೆ ಹೋಗಿದೆಯಲ್ಲ ಎಂದರೆ, ಅದನ್ನು ನೋಡುವ ಕಣ್ಣು ಯಾರಿಗಿದೆ ಎಂದು ನಗುತ್ತಿದ್ದರು.

ಒಬ್ಬರಿಗಿತ್ತು. ದಿನಾ ಬೆಳಿಗ್ಗೆ ಪಟ್ಟಿ ತೆರೆದು ನೋಡಿದರೆ ಸರ್ ಹೆಸರು ಇರುತ್ತಿತ್ತು. ಒಂದು ಲೈಕಿಲ್ಲ, ಒಂದು ಮಾತಿಲ್ಲ, ಆದರೆ ಒಂದು ದಿನವೂ ತಪ್ಪಿಸಲಿಲ್ಲ. ನಾಚಿಕೆಯಿಂದ ನೋಡುತ್ತಿದ್ದಾರೆ ಎಂದು ನಾನು ತಿಳಿದೆ. ಚಹಾ ಆರುವವರೆಗೆ ಹೆಬ್ಬೆರಳು ತಾನಾಗಿ ಎಲ್ಲರದನ್ನೂ ಒತ್ತುತ್ತ ಹೋಗಿರಲೂಬಹುದು. ಆಗ ಆ ಎರಡನೆಯದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೆ ಆರನೇ ತಿಂಗಳಿಗೇ ಬಿಟ್ಟುಬಿಡುತ್ತಿದ್ದೆ.

ಎರಡನೇ ವರ್ಷದ ನಡುವೆ ಧಾರವಾಡದ ಶಿಕ್ಷಕಿಯೊಬ್ಬರು ತಮ್ಮ ತಾಯಿಯ ಸೀರೆ ತಂದುಕೊಟ್ಟರು. ಒಂದೂವರೆ ವರ್ಷದಿಂದ ನೋಡುತ್ತಿದ್ದೆ, ಕೊಡಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ ಎಂದರು. ಅವರ ಕೌದಿಗೆ ತುತ್ತು ಹಾಕುವ ದಿನ, ತೆರೆದ ಹೊಟ್ಟೆಯೊಳಗೆ ಇಟ್ಟ ಹೋಳಿಗೆಯ ಚೂರಿನ ಫೋಟೊ ಹಾಕಿದೆ. ಅವರು ಅದನ್ನು ತಮ್ಮ ಅಕ್ಕತಂಗಿಯರಿಗೆ ಕಳಿಸಿದರು, ಆ ಅಕ್ಕತಂಗಿಯರು ಮತ್ತೆ ಯಾರು ಯಾರಿಗೋ. ಅಲ್ಲಿಂದ ಜನ ಬರತೊಡಗಿದರು. ನಮ್ಮ ಕೌದಿಗೆ ತುತ್ತು ಯಾವತ್ತು ಎಂದು ಫೋನು ಮಾಡಿ ಕೇಳುವರು, ಅದರ ಫೋಟೊ ಬರುವ ಬೆಳಿಗ್ಗೆ ಮನೆಮಂದಿಯೆಲ್ಲ ಮೊಬೈಲಿನ ಮುಂದೆ ಕಾದು ಕೂರುವರು. ಪ್ರತಿ ಕೌದಿಗೂ ಒಂದು ತುತ್ತಿನ ಫೋಟೊ ಎಂಬುದು ನಿಯಮವೇ ಆಯಿತು. ಈಗ ಸುಳ್ಳದ ಮೂವರು ಹೆಂಗಸರು ನಮ್ಮ ಪಡಸಾಲೆಯಲ್ಲಿ ಕುಳಿತು ಹೊಲಿಯುತ್ತಾರೆ. ಅವರಲ್ಲೊಬ್ಬಳು ಅಂದು ಗಂಟು ವಾಪಸ್ ಒಯ್ದವಳ ಸೊಸೆ.

ನನ್ನ ಖುಷಿ ಇಲ್ಲಿಗೇ ನಿಲ್ಲಲಿಲ್ಲ. ಸರ್ ಆಫೀಸಿನಿಂದ ಗಿರಾಕಿಗಳು ಬಿಡುತ್ತಿದ್ದಾರೆಂದು ಹಳೆಯ ಗೆಳತಿ ಹೇಳಿದ ದಿನ ಎರಡು ರೊಟ್ಟಿ ಹೆಚ್ಚು ತಿಂದೆ. ಹಲ್ಲಿನ ಡಾಕ್ಟರ ಹೆಂಡತಿ ಸಲಹೆ ಕೇಳಿ ನನ್ನ ಹತ್ತಿರ ಬಂದಾಗ, ಯಾರಿಗೂ ಕೆಲಸ ಕೊಡಬೇಡಿ, ನೀವೇ ದಿನಾ ಒಂದು ಹಾಕಿ ಎಂದು ಮೂರು ಮಧ್ಯಾಹ್ನ ಕೂತು ಕಲಿಸಿದೆ. ಆಕೆಗೆ ಒಳ್ಳೆಯದಾಗಲಿ ಎಂದು ಅಲ್ಲ. ಆ ಗೆರೆ ಸರ್ ಗೋಡೆಯಿಂದ ಹೋಗಲಿ ಎಂದು.

ನಾಲ್ಕನೇ ವರ್ಷದ ಒಂದು ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಸರ್ ನಮ್ಮ ಬಾಗಿಲಿಗೆ ಬಂದರು.

ಈ ಗಳಿಗೆಯನ್ನು ನಾನು ಎಷ್ಟೋ ಸಲ ಆಡಿ ನೋಡಿದ್ದೆ. ನನ್ನ ಆಟದಲ್ಲಿ ಅವರು ಹೊಸ್ತಿಲ ಹೊರಗೆ ನಿಂತಿರುತ್ತಿದ್ದರು, ನಾನು ಒಳಗೆ ಬನ್ನಿ ಎನ್ನುತ್ತಿರಲಿಲ್ಲ. ನಿಜವಾಗಿ ಬಂದಾಗ ಅವರ ಕೈಯಲ್ಲಿ ದೊಡ್ಡ ಬಟ್ಟೆಯ ಚೀಲವಿತ್ತು, ಬೋಳಿಸಿದ್ದ ತಲೆಯಲ್ಲಿ ಕೂದಲು ಇನ್ನೂ ಗಿಡ್ಡವಾಗಿತ್ತು. ಚಪ್ಪಲಿ ಬಿಟ್ಟು ನೇರ ಒಳಗೆ ಬಂದು, ಹೊಲಿಯುತ್ತಿದ್ದ ಅತ್ತೆಯ ಪಕ್ಕದಲ್ಲಿ ನೆಲದ ಮೇಲೇ ಕುಳಿತರು. ತಾಯಿ ತೀರಿಕೊಂಡು ಎರಡು ತಿಂಗಳಾಯಿತು, ಇವು ಅವರ ಸೀರೆ ಎಂದರು. ಈ ಸಲ ಅತ್ತೆಯನ್ನು ‘ಅವ್ವಾರ’ ಎಂದು ಕರೆದರು. ಅತ್ತೆ ಚೀಲ ಬಿಚ್ಚಿ ಒಂದೊಂದೇ ಸೀರೆಯನ್ನು ತೊಡೆಯ ಮೇಲೆ ಹಾಸಿಕೊಂಡು, ಇದನ್ನು ಯಾವಾಗ ಉಡುತ್ತಿದ್ದರು, ಇದನ್ನು ಯಾವಾಗ ಎಂದು ಕೇಳುತ್ತ ಹೋದರು. ನಾನು ಚಹಾ ಮಾಡಲಿಲ್ಲ. ಅತ್ತೆ ಎರಡು ಸಲ ನನ್ನ ಕಡೆ ನೋಡಿದರು. ಕೊನೆಗೆ ಪಡಸಾಲೆಯ ಹೆಂಗಸೊಬ್ಬಳು ಎದ್ದು ಮಾಡಿದಳು.

ಹೊರಡುವಾಗ ಅವರು ನನ್ನ ಹತ್ತಿರ ನಿಂತರು.

"ಒಂದ್ ದಿನಾನೂ ಬಿಡಲಿಲ್ಲ ನೋಡ್ರಿ ನೀವು. ನಾ ಕೆಲಸಕ್ಕ ಬಂದವರಿಗೆಲ್ಲಾ ಮೊದಲನೇ ದಿನ ಹೇಳ್ತಿದ್ದೆ. ಮಾಡಿ ತೋರಿಸಿದವ್ರು ನೀವೊಬ್ರ."

ಏನು ಹೇಳಿದ್ದಿರಿ ಎಂದು ಕೇಳಿದೆ.

"ಮೂರು ತಿಂಗಳಾಗ ಏನೂ ಆಗಂಗಿಲ್ಲ, ಮೂರು ವರ್ಷ ದಿನಾ ಬಾಗಲಾ ತಗೀಬೇಕು ಅಂತ."

ನಾನು ಆ ಮೀಟಿಂಗನ್ನು ನೆನಪಿಸಿದೆ. ಮಳೆ, ಗೆರೆ, ಕೌದಿ ನೋಡಿ ಜನ ಮಲಗುತ್ತಾರೆ ಎಂದ ಮಾತು, ಎಲ್ಲ ಹೇಳಿದೆ. ಅವರು ಹುಬ್ಬು ಗಂಟಿಕ್ಕಿ ನೆನಪು ಮಾಡಿಕೊಳ್ಳಲು ನೋಡಿದರು. ಆ ಪ್ರಯತ್ನ ನಟನೆಯಾಗಿರಲಿಲ್ಲ, ಅದೇ ನನಗೆ ಹೆಚ್ಚು ಉರಿಯಿತು.

"ಹಂಗ ಅಂದಿದ್ನೇನ್ರಿ? ಅಂದಿರಬೇಕು ಬಿಡ್ರಿ. ನನ್ನ ಬಾಯಿ ಸುಮ್ನಿರಂಗಿಲ್ಲ."

ತಪ್ಪಾಯಿತು ಎನ್ನಲಿಲ್ಲ. ಗೇಟು ಹಾಕಿಕೊಂಡು ಹೋದರು. ನಾನು ಒಳಗೆ ಬಂದು ಹಳೆಯ ಡೈರಿ ತೆಗೆದೆ. ಕೆಲಸಕ್ಕೆ ಸೇರಿದ ದಿನದ ಪುಟದಲ್ಲಿ, ನನ್ನದೇ ಅಕ್ಷರದಲ್ಲಿ ಇತ್ತು: ‘ಸರ್ ಮಾತು: ಮೂರು ವರ್ಷ ದಿನಾ ಬಾಗಿಲು ತೆಗೆಯಬೇಕು.’ ಕೆಳಗೆ ಎರಡು ಗೆರೆ ಎಳೆದಿದ್ದೆ. ಈ ಒಂದು ವಾಕ್ಯವನ್ನು ನಾನು ಪೂರ್ತಿ ನನ್ನದೆಂದು ತಿಳಿದು ಬದುಕಿದ್ದೆ. ಅವರನ್ನು ಹೊಡೆಯಲು ಎತ್ತಿಕೊಂಡ ಕೋಲು ಅವರ ಮನೆಯದೇ ಆಗಿತ್ತು.

ಅವರ ತಾಯಿಯ ಸೀರೆಗಳನ್ನು ಅತ್ತೆ ಬೇರೆ ಯಾರ ಕೈಗೂ ಕೊಡದೆ ತಾವೇ ಹೊಲಿದರು. ಪಡಸಾಲೆಯ ತುಂಬ ನುಸಿಗುಳಿಗೆಯ ವಾಸನೆ. ಒಂದು ಮಧ್ಯಾಹ್ನ ಸೂಜಿಗೆ ದಾರ ಪೋಣಿಸಿಕೊಡುತ್ತ, ಇವರು ಯಾರೆಂದು ಗೊತ್ತಾಯಿತೇ, ಅಂದು ನಿಮ್ಮನ್ನು ನೋಡಿ ನಕ್ಕವರು ಎಂದು ಅತ್ತೆಗೆ ಹೇಳಿದೆ.

"ಬಂದ ಕೂಡಲೇ ಗೊತ್ತಾತು," ಎಂದರು ಅತ್ತೆ. ಎರಡು ಹೊಲಿಗೆ ಹಾಕಿದರು. "ನೀನೂ ನಕ್ಕಿದ್ದಿಯಲ್ಲ ತಂಗಿ."

ನಾನು ನಗಲಿಲ್ಲ ಎಂದೆ.

"ಎಲ್ಲಾರಕಿಂತ ಮದ್ಲ ನೀ ನಕ್ಕಿ. ಏನೋ ಛಲೋ ಮಾತ ಅಂದಿರಬೇಕು ಅಂತ ನಿನ್ನ ನೋಡಿ ನಾನೂ ನಕ್ಕೆ."

ಸಿಟ್ಟಿಲ್ಲದೆ, ನಿನ್ನೆ ಅಡುಗೆ ಏನಿತ್ತು ಎಂದು ಹೇಳುವವರ ಹಾಗೆ ಹೇಳಿದರು. ನಾನು ವಾದಿಸಿದೆ. ಅತ್ತೆ ವಾದಿಸಲಿಲ್ಲ. ಆ ನಗು ನನ್ನ ನೆನಪಿನಲ್ಲಿಲ್ಲ, ಡೈರಿಯಲ್ಲೂ ಇಲ್ಲ. ಹಳ್ಳಿಯ ಮನೆಯ ನಾಲ್ಕು ಉತ್ತರಗಳನ್ನು ಬರೆದುಕೊಂಡವಳಿಗೆ, ಇದರಲ್ಲಿ ಯಾರ ಉತ್ತರವನ್ನು ನಂಬಬೇಕು ಎಂದು ಗೊತ್ತಾಗಬೇಕು. ಸಂಬಳ ಕೊಡುವವರ ಮಾತಿಗೆ ಎಲ್ಲರಿಗಿಂತ ಮೊದಲು ನಗುವುದು ಆ ಆಫೀಸಿನಲ್ಲಿ ನಾವೆಲ್ಲ ಕಲಿತ ಕೆಲಸ. ಸುಳ್ಳು ಹೇಳಲು ಅತ್ತೆಗೆ ಕಾರಣವಿಲ್ಲ. ನನಗಿದೆ.

ಇಷ್ಟು ತಿಳಿದ ಮೇಲೆ ನನ್ನ ಮನಸ್ಸು ಕರಗಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಕರಗಲಿಲ್ಲ. ನನ್ನ ಸಿಟ್ಟಿಗೆ ಇದ್ದ ಒಂದೇ ಆಧಾರವನ್ನೂ ಎಳೆದುಕೊಂಡರಲ್ಲ ಎಂದು ಆ ಮನುಷ್ಯನ ಮೇಲೆ ಸಿಟ್ಟು ಇನ್ನಷ್ಟು ಹೆಚ್ಚಾಯಿತು.

ತುತ್ತಿನ ದಿನ ಬಂತು. ಅತ್ತೆಯ ಬಲಗಣ್ಣಿನ ಪೊರೆ ತೆಗೆಸಿ ಆಗ ಕೆಲವೇ ವಾರ ಆಗಿದ್ದರಿಂದ ಕೊನೆಯ ಸಾಲನ್ನು ಮಾತ್ರ ನಾನು ಹಾಕುತ್ತಿದ್ದೆ. ಅತ್ತೆ ಹೋಳಿಗೆಯ ಚೂರು ಒಳಗಿಟ್ಟು, ಮೂರು ಹೊಲಿಗೆ ಹಾಕಿ, ಉಳಿದದ್ದು ನೀನು ಮುಗಿಸು ಎಂದು ಕೊಟ್ಟು, ಉಂಡು ಮಲಗಿದರು. ಹೆಂಗಸರು ಊಟಕ್ಕೆ ಹೋಗಿದ್ದರು. ಬಾಗಿಲಿನಿಂದ ಬಿಸಿಲು ಕೌದಿಯ ಅರ್ಧಕ್ಕೆ ಬಂದಿತ್ತು. ನಾನು ಮೊಬೈಲು ಹೊರತೆಗೆದು ಮತ್ತೆ ಕೆಳಗಿಟ್ಟೆ. ಕತ್ತರಿಯ ತುದಿಯಿಂದ ಮೂರು ಹೊಲಿಗೆ ಬಿಚ್ಚಿದೆ, ಎರಡು ಬೆರಳು ಒಳಗೆ ಹಾಕಿ ಚೂರನ್ನು ತೆಗೆದೆ, ಬಾಯಿ ಹೊಲಿದೆ. ಸಾಲು ನೇರವಾಗಿ ಬಂತು.

ಚೂರು ಅಂಗೈಯಲ್ಲಿ ಉಳಿಯಿತು. ಚೆಲ್ಲಲು ಮನಸ್ಸಾಗಲಿಲ್ಲ. ಅದನ್ನು ತಿಂದೆ. ಗಟ್ಟಿಯಾಗಿತ್ತು, ಬೆಲ್ಲಕ್ಕಿಂತ ನುಸಿಗುಳಿಗೆಯ ವಾಸನೆಯೇ ಹೆಚ್ಚಾಗಿತ್ತು.

ಸಂಜೆ ಅತ್ತೆ ಎದ್ದು ಬಂದು ಕೌದಿಯ ಮೇಲೆ ಅಂಗೈ ಆಡಿಸಿದರು. ಅಷ್ಟು ಪದರದ ಕೆಳಗೆ ಉಗುರಿನಷ್ಟು ಚೂರು ಇದೆಯೋ ಇಲ್ಲವೋ ಕೈಗೆ ತಿಳಿಯುವುದಿಲ್ಲ. ಪ್ರತಿ ಸಲ ಹೇಳುವ ಹಾಗೆ "ಹೊಟ್ಟಿ ತುಂಬಿತು" ಎಂದು ಮಡಚಿದರು. ಹೇಳಿಬಿಡಲು ಅದೊಂದೇ ಗಳಿಗೆ ಇತ್ತು. ನಾನು ಮಡಚಿದ ಕೌದಿಯ ಇನ್ನೊಂದು ತುದಿ ಹಿಡಿದುಕೊಂಡೆ.

ಮರುದಿನ ಸರ್ ಬಂದು ಒಯ್ದರು. ನಾನು ಎಂದಿನಂತೆ ಏಳೂ ಹತ್ತಕ್ಕೆ ಬೇರೊಂದು ಕೌದಿಯ ಫೋಟೊ ಹಾಕಿದೆ. ಅದರ ಮರುದಿನ ಇನ್ನೊಂದು. ಪಟ್ಟಿಯಲ್ಲಿ ಅವರ ಹೆಸರು ದಿನಾ ಇತ್ತು, ಎಲ್ಲರಿಗಿಂತ ಮೊದಲು; ಹಾಕಿದ ಒಂದು ನಿಮಿಷದೊಳಗೇ ನೋಡುತ್ತಿದ್ದರು. ಹನ್ನೆರಡನೇ ದಿನ ಅವರಿಂದ ಸಂದೇಶ ಬಂತು.

‘ಮೇಡಂ, ಎಲ್ಲಾರ ಕೌದಿದೂ ತುತ್ತಿನ ಫೋಟೊ ಹಾಕ್ತೀರಿ. ನಮ್ಮ ಅವ್ವಂದು ಇನ್ನೂ ಬಂದಿಲ್ಲ. ದಿನಾ ಮುಂಜಾನೆ ನೋಡಾಕತ್ತೇನಿ. ಇದ್ರ ಕಳಸ್ರಿ.’

ನಾಲ್ಕು ವರ್ಷ ಕಾದದ್ದು ಇದಕ್ಕೇ. ಅಂದು ಚೀಲ ಹಿಡಿದು ಬಂದಾಗ ಅವರು ಗಿರಾಕಿಯಾಗಿ ಬಂದಿದ್ದರು. ಈಗ ಕೇಳಿಕೊಳ್ಳುತ್ತಿದ್ದರು. ದಿನಾ ತಪ್ಪದೆ ಹಾಕುತ್ತ ಬಂದದ್ದರಿಂದಲೇ ಅವರಿಗೆ ಆ ಒಂದು ಇಲ್ಲದಿರುವುದು ಕಂಡಿತ್ತು. ಆಗಾಗ ಹಾಕುವವಳಾಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ನನ್ನ ಬಳಿ ಹತ್ತಾರು ತುತ್ತಿನ ಫೋಟೊಗಳಿದ್ದವು. ಯಾವುದೋ ಒಂದನ್ನು ಕಳಿಸಿದ್ದರೆ ಮುಗಿಯುತ್ತಿತ್ತು. ಆದರೆ ಅವರಿಗೆ ಗೊತ್ತಾಗದ ಸೇಡಿನಿಂದ ನನಗೇನು?

ನಾನು ಬರೆದೆ: ‘ನಿಮ್ಮ ತಾಯಿಯವರ ಕೌದಿಯಲ್ಲಿ ತುತ್ತಿಲ್ಲ. ಅತ್ತೆ ಇಟ್ಟಿದ್ದರು, ನಾನು ತೆಗೆದೆ. ಅತ್ತೆಗೆ ಗೊತ್ತಿಲ್ಲ. ಅಂದು ನೀವು ನಕ್ಕದ್ದಕ್ಕೆ.’

ಒಮ್ಮೆ ಓದಿದೆ. ಕೊನೆಯ ಸಾಲನ್ನು ಅಳಿಸಬೇಕೇ ಎಂದು ಯೋಚಿಸಿ ಹಾಗೇ ಬಿಟ್ಟೆ. ಕಳಿಸಿದೆ. ಅವರು ಓದಿದ ಗುರುತು ಕೂಡಲೇ ಬಂತು. ದಿನವಿಡೀ ಉತ್ತರ ಬರಲಿಲ್ಲ. ಆ ದಿನ ನನಗೆ ಸಂತೋಷವಾಗಿತ್ತು. ನಂತರ ಬೇರೆ ರೀತಿ ನೆನಪಾಗದಿರಲಿ ಎಂದು ಡೈರಿಯಲ್ಲಿ ಹಾಗೆಂದೇ ಬರೆದಿಟ್ಟಿದ್ದೇನೆ. ಕೆರೆಯ ದಂಡೆಗೆ ಹೋಗಿ ಒಂದು ಸುತ್ತು ಹಾಕಿ ಬಂದೆ, ಮೆಕ್ಕೆಜೋಳ ತಿಂದೆ.

ಮರುದಿನ ಮಧ್ಯಾಹ್ನ ಎರಡೇ ಪದ ಬಂದವು.

‘ಅವ್ವಾರಿಗೆ ಹೇಳಬ್ಯಾಡ್ರಿ.’

ಬೈದಿದ್ದರೆ ಉತ್ತರ ಸಿದ್ಧವಿತ್ತು. ಕೌದಿ ಹಿಂತಿರುಗಿಸಿದ್ದರೆ ಅದಕ್ಕೂ ಸಿದ್ಧವಿತ್ತು. ಇದನ್ನು ಓದಿ ಮೊಬೈಲು ಬೋರಲಾಗಿಟ್ಟು ಅತ್ತೆಯ ಸೂಜಿಗೆ ದಾರ ಪೋಣಿಸಲು ಹೋದೆ.

ಅದರ ಮರುದಿನದಿಂದ ಪಟ್ಟಿಯಲ್ಲಿ ಅವರ ಹೆಸರಿಲ್ಲ. ನಂಬರು ಹಾಗೇ ಇದೆ, ಅವರ ಫೋಟೊ ಕಾಣುತ್ತದೆ. ನೋಡುವುದನ್ನು ಬಿಟ್ಟಿದ್ದಾರೆ ಅಷ್ಟೆ. ಪೇಜಿಗೆ ಈಗ ಎಷ್ಟೋ ಊರುಗಳಿಂದ ಜನ ಬರುತ್ತಾರೆ. ಅವರಲ್ಲಿ ಯಾರಿಗಾಗಿಯೂ ನಾನು ಅರ್ಧ ಜಡೆಯಲ್ಲಿ ಓಡುವವಳಲ್ಲ.

ನಿನ್ನೆ ಅತ್ತೆ ಸೂಜಿ ನಿಲ್ಲಿಸಿ ಕೇಳಿದರು: "ಅವ್ವನ ಸೀರಿ ತಂದಿದ್ನಲ್ಲ ಆ ತಮ್ಮ, ಕೌದಿ ಹೊದ್ಕೊಂಡು ನಿದ್ದಿ ಮಾಡಾಕತ್ತಾನೇನು? ಒಮ್ಮೆ ಕೇಳು."

"ಕೇಳೇನಿ ಅತ್ತಿ. ಛಲೋ ನಿದ್ದಿ ಬರತೈತಂತ," ಎಂದೆ.

ಅತ್ತೆ ತಲೆಯಾಡಿಸಿ ಮತ್ತೆ ಹೊಲಿಗೆ ಹಿಡಿದರು. ಈ ಮನೆಯಲ್ಲಿ ಅತ್ತೆಯಿಂದ ಮುಚ್ಚಿಟ್ಟ ಮಾತು ಇದೊಂದೇ. ಅದನ್ನು ನನ್ನ ಜೊತೆ ಕಾಯುತ್ತಿರುವವರು ಸರ್ ಒಬ್ಬರೇ.

ಇವತ್ತು ಏಳೂ ಹತ್ತಕ್ಕೆ ಹೊಸ ಕೌದಿಯ ಮೊದಲ ಸಾಲಿನ ಫೋಟೊ ಹಾಕಿದೆ. ಒಲೆಯ ಮೇಲೆ ಹಾಲಿಟ್ಟು ಪಟ್ಟಿ ತೆರೆದೆ. ಕೆಳಗಿನವರೆಗೆ ನೋಡಿದೆ. ಕಣ್ಣು ತಪ್ಪಿರಬಹುದೆಂದು ಮೇಲಿನಿಂದ ಇನ್ನೊಮ್ಮೆ ನೋಡಿದೆ.